ಚೀಟಿಯ ಗುಟ್ಟು ಯಾವಾಗ ಬಿಚ್ಚಬೇಕು?



ನಮ್ಮ ಕುಟುಂಬ ಕೂಟಗಳಲ್ಲಿ ಊಟದ ನಂತರ ಆಡುವ ‘ಊರು–ಕಳ್ಳ’ ಆಟದ ಬಗ್ಗೆ ಬರೆಯಿರಿ ಎಂದು ಹಲವರು ಕೇಳಿದ್ದರು. ನಿಯಮಗಳನ್ನು ಬರೆಯುವುದು ಸುಲಭ. ಆದರೆ ಈ ಆಟದಲ್ಲಿ ಕಷ್ಟದ ಪ್ರಶ್ನೆ ಒಂದೇ: ನನ್ನ ಚೀಟಿಯಲ್ಲಿ ಏನಿದೆ ಎಂದು ನಾನು ಯಾವಾಗ ಹೇಳಬೇಕು, ಹೇಳಿದಾಗ ಉಳಿದವರು ಅದನ್ನು ಹೇಗೆ ನಂಬಬೇಕು? ಇದನ್ನು ಬರೆಯಲು ನಮಗೊಂದು ಕಾರಣವೂ ಇದೆ. ಒಂದು ಕೂಟದಲ್ಲಿ ನಾವೆಲ್ಲ ಸೇರಿ ಒಬ್ಬ ಹುಡುಗಿಯ ಮಾತನ್ನು ನಂಬದೆ ಆಟ ಸೋತೆವು. ಸೋತದ್ದಕ್ಕಿಂತ ನಂಬದೇ ಹೋದದ್ದಕ್ಕೆ ಸಿಕ್ಕ ಕಾರಣ ನಮ್ಮನ್ನು ಹೆಚ್ಚು ಕಾಡಿತು.

ಆಟ ಗೊತ್ತಿಲ್ಲದವರಿಗೆ

ಚಿಕ್ಕಂದಿನಲ್ಲಿ ‘ರಾಜ ರಾಣಿ ಕಳ್ಳ ಪೊಲೀಸ್’ ಆಡದವರು ನಮ್ಮಲ್ಲಿ ಕಡಿಮೆ. ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದು, ಮಡಚಿ, ಕುಲುಕಿ ಎಸೆಯುವುದು. ಪೊಲೀಸ್ ಚೀಟಿ ಬಂದವರು ‘ನಾನೇ ಪೊಲೀಸ್’ ಎಂದು ಮುಂದೆ ಬಂದು ಕಳ್ಳ ಯಾರೆಂದು ಊಹಿಸಬೇಕು. ಅಲ್ಲಿ ಗುಟ್ಟು ಬಿಡುವ ಹೊತ್ತು ನಿಯಮದಲ್ಲೇ ಗೊತ್ತುಮಾಡಿದೆ. ಯೋಚನೆ ಮಾಡುವ ಕೆಲಸವಿಲ್ಲ. ಸುಳ್ಳು ಹೇಳುವ ಅವಕಾಶ ಇರುವುದು ಮುಖದಲ್ಲಿ ಮಾತ್ರ.

ನಾವೀಗ ಆಡುವುದು ಅದರ ದೊಡ್ಡಣ್ಣನನ್ನು. ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ವಿದ್ಯಾರ್ಥಿ ದಿಮಿತ್ರಿ ಡೇವಿಡಾಫ್ 1986ರ ಸುಮಾರಿಗೆ ‘ಮಾಫಿಯಾ’ ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದರು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಮಾಫಿಯಾದವರ ಜಾಗದಲ್ಲಿ ತೋಳಮಾನವರನ್ನು ತಂದು ‘ವೇರ್‌ವುಲ್ಫ್’ ಎಂದು ಕರೆದರು. 2018ರಲ್ಲಿ ಬಂದು, 2020ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಮೊಬೈಲುಗಳನ್ನು ಆವರಿಸಿದ ‘ಅಮಾಂಗ್ ಅಸ್’ ಕೂಡ ಇದೇ ಕುಟುಂಬದ್ದು.

ನಮ್ಮ ಕೂಟದಲ್ಲಿ ಒಂಬತ್ತು ಜನರ ಆಟ ಹೀಗಿರುತ್ತದೆ. ಎರಡು ಚೀಟಿ ಕಳ್ಳರದು, ಒಂದು ಪತ್ತೇದಾರನದು, ಒಂದು ವೈದ್ಯನದು, ಉಳಿದ ಐದು ಸಾಮಾನ್ಯ ಊರವರದು. ಆಟ ನಡೆಸುವ ಸೂತ್ರಧಾರರು ಬೇರೆ. ‘ರಾತ್ರಿಯಾಯಿತು’ ಎಂದಾಗ ಎಲ್ಲರೂ ಕಣ್ಣು ಮುಚ್ಚಬೇಕು. ಕಳ್ಳರು ಮಾತ್ರ ಕಣ್ಣು ತೆರೆದು ಒಬ್ಬರನ್ನು ತೋರಿಸುತ್ತಾರೆ. ಅವರು ಬೆಳಿಗ್ಗೆ ಆಟದಿಂದ ಹೊರಗೆ. ಆಮೇಲೆ ಪತ್ತೇದಾರನ ಸರದಿ. ಅವನು ಒಬ್ಬರನ್ನು ತೋರಿಸಿದರೆ ಅವರು ಕಳ್ಳರೋ ಅಲ್ಲವೋ ಎಂದು ಸೂತ್ರಧಾರರು ತಲೆಯಾಡಿಸಿ ತಿಳಿಸುತ್ತಾರೆ. ವೈದ್ಯ ತನಗೆ ಬೇಕಾದ ಒಬ್ಬರನ್ನು ಆ ರಾತ್ರಿಯ ಮಟ್ಟಿಗೆ ಕಾಪಾಡಬಹುದು. ‘ಬೆಳಗಾಯಿತು’ ಎಂದ ಮೇಲೆ ಎಲ್ಲರೂ ಚರ್ಚಿಸಿ, ಕೈ ಎತ್ತಿ, ಅನುಮಾನ ಬಂದ ಒಬ್ಬರನ್ನು ಹೊರಗೆ ಕಳಿಸಬೇಕು. ಹೊರಗೆ ಹೋದವರ ಚೀಟಿಯನ್ನು ಬಿಚ್ಚಿ ತೋರಿಸುತ್ತೇವೆ. ಇಬ್ಬರೂ ಕಳ್ಳರು ಸಿಕ್ಕರೆ ಊರು ಗೆದ್ದಂತೆ. ಕಳ್ಳರ ಸಂಖ್ಯೆ ಉಳಿದವರ ಸಂಖ್ಯೆಗೆ ಸಮನಾದರೆ ಕಳ್ಳರು ಗೆದ್ದಂತೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆಟದೊಳಗೆ ಇರುವವರು ಚೀಟಿಯನ್ನು ಯಾರಿಗೂ ತೋರಿಸುವಂತಿಲ್ಲ. ‘ನಾನು ಪತ್ತೇದಾರ’ ಎಂದು ಬಾಯಲ್ಲಿ ಹೇಳಬಹುದು, ಅಷ್ಟೆ. ಕಳ್ಳನೂ ಅದೇ ಮಾತನ್ನು ಹೇಳಬಹುದು. ಇಡೀ ಆಟ ನಿಂತಿರುವುದು ಈ ನಿಯಮದ ಮೇಲೆ.

ಗುಟ್ಟಿಗೆ ಒಂದು ಬೆಲೆ ಇದೆ

ಪತ್ತೇದಾರನ ಗುಟ್ಟು ಒಂದೇ ಸಲ ಖರ್ಚು ಮಾಡಬಹುದಾದ ನಾಣ್ಯ. ಅವನು ಬಾಯಿ ಬಿಟ್ಟ ರಾತ್ರಿಯೇ ಕಳ್ಳರು ಅವನನ್ನು ಹೊರಹಾಕಲು ನೋಡುತ್ತಾರೆ. ವೈದ್ಯ ಉಳಿದಿದ್ದು, ಅವನನ್ನೇ ಕಾಪಾಡಿದರೆ ಸರಿ. ಇಲ್ಲದಿದ್ದರೆ ಅವನ ಮುಂದಿನ ಎಲ್ಲ ರಾತ್ರಿಗಳ ವಿಚಾರಣೆ ಅಲ್ಲಿಗೆ ಮುಗಿಯಿತು. ಹಾಗೆಂದು ಗುಟ್ಟನ್ನು ಕೊನೆಯವರೆಗೂ ಇಟ್ಟುಕೊಂಡು ಒಂದು ರಾತ್ರಿ ಸುಮ್ಮನೆ ಹೊರಗೆ ಹೋದರೆ, ಅವನು ತಿಳಿದದ್ದೆಲ್ಲ ಅವನ ಜೊತೆಗೇ ಹೋಗುತ್ತದೆ.

ಹಾಗಾದರೆ ಹೊತ್ತು ಯಾವುದು? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂಬತ್ತು ಜನ. ಮೊದಲ ರಾತ್ರಿ ಒಬ್ಬರು ಹೋದರೆ ಎಂಟು; ಅದರಲ್ಲಿ ಇಬ್ಬರು ಕಳ್ಳರು. ಮೊದಲ ಹಗಲು ಊರು ತಪ್ಪು ಮಾಡಿದರೆ ಏಳು. ಎರಡನೇ ರಾತ್ರಿಯ ನಂತರ ಆರು. ಎರಡನೇ ಹಗಲೂ ತಪ್ಪಿದರೆ ಐದು. ಮೂರನೇ ರಾತ್ರಿ ಮುಗಿದಾಗ ನಾಲ್ಕು ಜನ: ಇಬ್ಬರು ಕಳ್ಳರು, ಇಬ್ಬರು ಊರವರು. ಆಟ ಮುಗಿಯಿತು. ಅಂದರೆ ವೈದ್ಯ ಯಾರನ್ನೂ ಉಳಿಸದಿದ್ದರೆ, ಊರಿಗೆ ಒಂದು ತಪ್ಪಿನ ಅವಕಾಶ ಮಾತ್ರ ಇದೆ. ಎರಡನೇ ಹಗಲು ‘ತಪ್ಪಿದರೆ ಸೋಲು’ ಎನ್ನುವ ದಿನ.

ಆ ದಿನ ಯಾರಿಗೂ ಏನೂ ಗೊತ್ತಿಲ್ಲದೆ ಕೈ ಎತ್ತಿದರೆ ಕಳ್ಳ ಸಿಗುವ ಸಾಧ್ಯತೆ ಆರರಲ್ಲಿ ಎರಡು, ಅಂದರೆ ಮೂರರಲ್ಲಿ ಒಂದು. ಪತ್ತೇದಾರ ಅಷ್ಟರೊಳಗೆ ಇಬ್ಬರನ್ನು ನೋಡಿ, ಇಬ್ಬರೂ ಕಳ್ಳರಲ್ಲ ಎಂದು ತಿಳಿದಿದ್ದಾನೆ, ಅವರಿನ್ನೂ ಆಟದಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅವನು ಬಾಯಿ ಬಿಟ್ಟರೆ, ಅವನೂ ಆ ಇಬ್ಬರೂ ಅನುಮಾನದಿಂದ ಹೊರಗೆ. ಉಳಿದದ್ದು ಮೂವರು, ಅವರಲ್ಲಿ ಇಬ್ಬರು ಕಳ್ಳರು. ಮೂರರಲ್ಲಿ ಒಂದಿದ್ದ ಸಾಧ್ಯತೆ ಮೂರರಲ್ಲಿ ಎರಡಾಯಿತು. ಒಂದೇ ಮಾತಿಗೆ ಇಮ್ಮಡಿ ಬಲ.

ಹೀಗೆ ಲೆಕ್ಕ ಹಾಕಿ, ಆಡಿ ನೋಡಿ, ನಾವು ಕಂಡುಕೊಂಡದ್ದು ಇಷ್ಟು:

ಒಂದು, ಕಳ್ಳ ಸಿಕ್ಕಿದ್ದರೆ ಪತ್ತೇದಾರ ಮರುದಿನ ಬೆಳಿಗ್ಗೆಯೇ ಹೇಳಬೇಕು. ಇದಕ್ಕಿಂತ ಬೆಲೆಯುಳ್ಳ ಸುದ್ದಿ ಅವನಿಗೆ ಮುಂದೆ ಸಿಗುವುದು ಕಷ್ಟ.

ಎರಡು, ಕಳ್ಳರಲ್ಲದವರೇ ಸಿಕ್ಕಿದ್ದರೆ ತಡೆದುಕೊಳ್ಳಬೇಕು. ಆದರೆ ‘ತಪ್ಪಿದರೆ ಸೋಲು’ ಎನ್ನುವ ದಿನವನ್ನು ದಾಟಿಸಬಾರದು.

ಮೂರು, ಊರು ನಿಮ್ಮನ್ನೇ ಹೊರಗೆ ಕಳಿಸಲು ಹೊರಟಿದ್ದರೆ ಕೈ ಏಳುವ ಮೊದಲೇ ಹೇಳಿ. ಚೀಟಿ ಬಿಚ್ಚಿದ ಮೇಲೆ ಅಯ್ಯೋ ಎನ್ನುವುದರಿಂದ ಪ್ರಯೋಜನವಿಲ್ಲ.

ನಾಲ್ಕು, ವೈದ್ಯ ತನ್ನ ಗುಟ್ಟನ್ನು ಬಿಡದಿರುವುದೇ ಲೇಸು. ಪತ್ತೇದಾರ ಬೆಳಕಿಗೆ ಬಂದ ಮೇಲೆ ಅವನನ್ನು ಉಳಿಸುವುದು ಕತ್ತಲಲ್ಲಿರುವ ವೈದ್ಯನೇ.

ಐದು, ಮೊದಲ ದಿನವೇ ‘ನಾನು ಬರೀ ಊರವನು ಕಣ್ರೀ’ ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಕೇಳಲು ನಿರಪಾಯವಾದ ಮಾತು. ಆದರೆ ಐದು ಜನ ಊರವರೂ ಹಾಗೆ ಹೇಳಿಬಿಟ್ಟರೆ, ಹೇಳದೆ ಉಳಿದವರಲ್ಲೇ ಪತ್ತೇದಾರನೂ ವೈದ್ಯನೂ ಇದ್ದಾರೆ ಎಂದು ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗೆ. ಸಾಮಾನ್ಯನ ಮೌನವೂ ಊರಿಗೆ ಕಾವಲು.

ತಿಳಿದೂ ಹೇಳಲಾಗದ ಸಂಕಟವನ್ನೇ ಆಟ ಮಾಡಿದವರೂ ಇದ್ದಾರೆ. 2012ರಲ್ಲಿ ಬಂದ ‘ಅವಲಾನ್’ ಆಟದಲ್ಲಿ ಮರ್ಲಿನ್ ಎಂಬ ಪಾತ್ರಕ್ಕೆ ಕೆಟ್ಟವರು ಯಾರೆಂದು ಮೊದಲೇ ಗೊತ್ತಿರುತ್ತದೆ. ಆದರೆ ಒಳ್ಳೆಯವರು ಗೆದ್ದ ಮೇಲೂ, ಮರ್ಲಿನ್ ಯಾರೆಂದು ಕೆಟ್ಟವರ ಕಡೆಯ ಕೊಲೆಗಾರ ಸರಿಯಾಗಿ ಊಹಿಸಿದರೆ ಗೆಲುವು ಕೈತಪ್ಪುತ್ತದೆ. ಹಾಗಾಗಿ ಮರ್ಲಿನ್ ಸೂಚನೆ ಕೊಡುತ್ತಲೇ ಇರಬೇಕು, ಸಿಕ್ಕಿಬೀಳಲೂ ಬಾರದು.

ಉತ್ತರಕುಮಾರ ಕೇಳಿದ ಹತ್ತು ಹೆಸರು

ಗುಟ್ಟು ಬಿಡುವುದು ಅರ್ಧ ಕೆಲಸ. ಉಳಿದರ್ಧ ಕೇಳುವವರದು. ಇದಕ್ಕೆ ನಾವು ಮಾಸ್ಕೋಗೆ ಹೋಗಬೇಕಾಗಿಲ್ಲ, ವಿರಾಟಪರ್ವವೇ ಸಾಕು.

ಪಾಂಡವರ ಅಜ್ಞಾತವಾಸದ ಷರತ್ತು ನಮಗೆಲ್ಲ ಗೊತ್ತು. ಆ ವರ್ಷದೊಳಗೆ ಗುರುತು ಸಿಕ್ಕರೆ ಮತ್ತೆ ವನವಾಸ. ವಿರಾಟನ ಅರಮನೆಯಲ್ಲಿ ಭೀಮ ವಲಲನಾಗಿ, ದ್ರೌಪದಿ ಸೈರಂಧ್ರಿಯಾಗಿ, ಅರ್ಜುನ ಬೃಹನ್ನಳೆಯಾಗಿ ಇದ್ದರು. ಕೌರವರು ಗೋವುಗಳನ್ನು ಹಿಡಿದಾಗ ಅಂತಃಪುರದಲ್ಲಿ ಪೌರುಷ ಕೊಚ್ಚಿಕೊಂಡ ಉತ್ತರಕುಮಾರ, ಸೈನ್ಯವನ್ನು ಕಂಡದ್ದೇ ರಥದಿಂದ ಹಾರಿ ಓಡಿದ. ಅವನನ್ನು ಹಿಡಿದು ತಂದು, ಆಯುಧ ಬಚ್ಚಿಟ್ಟಿದ್ದ ಬನ್ನಿಮರದ ಬಳಿ ಸಾರಥಿ ಹೇಳಿದ್ದು: ನಾನೇ ಅರ್ಜುನ.

ಉತ್ತರನ ಹೇಡಿತನವನ್ನು ನಾವು ಗಾದೆ ಮಾಡಿಕೊಂಡಿದ್ದೇವೆ. ಆದರೆ ಆ ಗಳಿಗೆಯಲ್ಲಿ ಅವನು ಮಾಡಿದ ಜಾಣತನ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನು ಕೂಡಲೇ ನಂಬಲಿಲ್ಲ, ಕೂಡಲೇ ನಗಲೂ ಇಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆ ಎಂದು ಕೇಳಿದ್ದೇನೆ, ಅವನ್ನು ಹೇಳಿದರೆ ನಂಬುತ್ತೇನೆ ಎಂದ. ಅರ್ಜುನ ಹತ್ತನ್ನೂ, ಒಂದೊಂದು ಹೆಸರು ಯಾಕೆ ಬಂತು ಎಂಬುದನ್ನೂ ಹೇಳಿದ. ಎದುರಿಗಿದ್ದದ್ದು ನಾಟ್ಯ ಕಲಿಸುವ ಬೃಹನ್ನಳೆಯ ವೇಷ. ರೂಪ ನೋಡಿ ನಿರ್ಧರಿಸಿದ್ದರೆ ಉತ್ತರ ಮತ್ತೆ ಓಡುತ್ತಿದ್ದ. ಅವನು ರೂಪ ನೋಡಲಿಲ್ಲ. ಪರೀಕ್ಷಿಸಬಹುದಾದ ಪ್ರಶ್ನೆ ಕೇಳಿದ.

ಹೊತ್ತಿನ ವಿಚಾರವೂ ಇಲ್ಲಿದೆ. ಅವಧಿ ಮುಗಿಯುವ ಮೊದಲೇ ಗುರುತು ಸಿಕ್ಕಿತು ಎಂದು ದುರ್ಯೋಧನ ಹಿಗ್ಗಿದಾಗ, ಅಧಿಕಮಾಸಗಳನ್ನು ಕೂಡಿಸಿ ಲೆಕ್ಕ ಹಾಕಿ ಅವಧಿ ಮುಗಿದಿದೆ ಎಂದವರು ಭೀಷ್ಮರು. ಗುಟ್ಟು ಬಯಲಾದದ್ದು, ಅದರಿಂದ ನಷ್ಟವಾಗುವ ಕಾಲ ಕಳೆದು, ಲಾಭವಾಗುವ ಕಾಲ ಬಂದಾಗ. ತಾಳಮದ್ದಳೆ ಕೇಳಿ ಬೆಳೆದ ಕಾಸರಗೋಡಿನ ನಮ್ಮ ಹಿರಿಯರಿಗೆ ಈ ಪ್ರಸಂಗವನ್ನು ನಾವು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ನಾವು ಎಡವಿದ ದಿನ

ಈಗ ಆ ಹುಡುಗಿಯ ವಿಷಯ. ಅಕ್ಕಲಕೋಟೆ ಕಡೆಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಎಂಟನೇ ತರಗತಿ. ಅಂದು ಒಂಬತ್ತು ಜನ ಆಡುತ್ತಿದ್ದೆವು. ಮೊದಲ ರಾತ್ರಿ ಹೋದವರು ವೈದ್ಯರು. ಮೊದಲ ಹಗಲು ನಾವೆಲ್ಲ ಅನುಮಾನಪಟ್ಟು ನಿವೃತ್ತ ಮೇಷ್ಟ್ರೊಬ್ಬರನ್ನು ಹೊರಗೆ ಕಳಿಸಿದೆವು. ಚೀಟಿ ಬಿಚ್ಚಿದರೆ ಪಾಪ, ಸಾಮಾನ್ಯ ಊರವರು. ಎರಡನೇ ರಾತ್ರಿ ಇನ್ನೊಬ್ಬರು ಹೋದರು. ಉಳಿದದ್ದು ಆರು ಜನ. ತಪ್ಪಿದರೆ ಸೋಲು ಎನ್ನುವ ದಿನ.

ಹುಡುಗಿ ಎದ್ದು ನಿಂತು ಹೇಳಿದಳು: “ನಾ ಪತ್ತೇದಾರ ಅದೀನಿ. ಮೊದಲನೇ ರಾತ್ರಿ ಅಜ್ಜೀನ್ನ ನೋಡಿದ್ನಿ, ಅವರು ಕಳ್ಳ ಅಲ್ಲ. ನಿನ್ನಿ ರಾತ್ರಿ ಈ ಅಣ್ಣಾನ್ನ ನೋಡಿದ್ನಿ. ಇವರು ಕಳ್ಳ. ನನ್ನ ಕಡೆ… ನನ್ನ ಕಡೆ…” ಅಲ್ಲಿಗೆ ಮಾತು ನಿಂತಿತು. ಮುಖ ಕೆಂಪಾಯಿತು.

ಅವಳು ಕೈ ತೋರಿಸಿದ ಯುವಕ ನಿರರ್ಗಳ ಮಾತುಗಾರ. ನಿಧಾನವಾಗಿ ನಕ್ಕು ಹೇಳಿದ: “ನೋಡಿ, ಪತ್ತೇದಾರ ನಾನು. ಮೊದಲ ರಾತ್ರಿ ಮೇಷ್ಟ್ರನ್ನು ನೋಡಿದೆ, ನಿರಪರಾಧಿ. ನಿನ್ನೆ ರಾತ್ರಿ ಈ ತಂಗಿಯನ್ನು ನೋಡಿದೆ, ಕಳ್ಳಿ. ಅದಕ್ಕೇ ನೋಡಿ ಹೇಗೆ ತಡವರಿಸುತ್ತಿದ್ದಾಳೆ.”

ಆರರಲ್ಲಿ ನಾಲ್ಕು ಕೈ ಹುಡುಗಿಯ ವಿರುದ್ಧ ಎದ್ದವು. ಅಜ್ಜಿಯೊಬ್ಬರು ಮಾತ್ರ ಅವಳ ಪರವಾಗಿ ನಿಂತರು. ಚೀಟಿ ಬಿಚ್ಚಿದರೆ ಪತ್ತೇದಾರ. ಆ ರಾತ್ರಿ ಮುಗಿಯುವಷ್ಟರಲ್ಲಿ ಆಟವೂ ಮುಗಿಯಿತು.

ಆಮೇಲೆ ಕೂತು ಮಾತಾಡಿದಾಗ ನಮಗೆ ನಾಚಿಕೆಯಾಯಿತು. ಯುವಕನ ಸುಳ್ಳನ್ನು ಹಿಡಿಯಲು ಬೇಕಾದದ್ದೆಲ್ಲ ನಮ್ಮ ಮುಂದೆಯೇ ಇತ್ತು. ಮೊದಲ ರಾತ್ರಿಯೇ ಮೇಷ್ಟ್ರು ನಿರಪರಾಧಿ ಎಂದು ಅವನಿಗೆ ಗೊತ್ತಾಗಿದ್ದರೆ, ಮರುದಿನ ಬೆಳಿಗ್ಗೆ ಅದೇ ಮೇಷ್ಟ್ರ ವಿರುದ್ಧ ಅವನು ಕೈ ಎತ್ತಿದ್ದು ಯಾಕೆ? ಎರಡನೆಯದಾಗಿ, ಮೇಷ್ಟ್ರ ಚೀಟಿಯನ್ನು ನಾವಾಗಲೇ ಬಿಚ್ಚಿ ನೋಡಿದ್ದೆವು. ಎಲ್ಲರಿಗೂ ಗೊತ್ತಿರುವುದನ್ನೇ ಅವನು ತನ್ನ ಪತ್ತೆದಾರಿಕೆ ಎಂದು ಮಾರಿದ. ಹುಡುಗಿ ಹೇಳಿದ್ದರಲ್ಲಿ ಹೊಸ ವಿಷಯವಿತ್ತು. ಮೊದಲ ಹಗಲು ಯಾರೋ ಅಜ್ಜಿಯ ಮೇಲೆ ಅನುಮಾನ ತಂದಾಗ “ಅಜ್ಜಿ ಬ್ಯಾಡ” ಎಂದು ಮೆಲ್ಲಗೆ ತಡೆದವಳೂ ಅವಳೇ. ಅವಳ ಮಾತಿಗೂ ನಡೆಗೂ ತಾಳೆಯಿತ್ತು. ಅವಳು ಗುಟ್ಟು ಬಿಟ್ಟ ಹೊತ್ತೂ ಲೆಕ್ಕಕ್ಕೆ ಸರಿಯಾಗಿತ್ತು. ತಪ್ಪಿದ್ದು ಕೇಳಿದ ನಾವು.

ಅವಳ ಮಾತು ನಿಂತದ್ದು ಯಾಕೆ ಎಂದು ಕೇಳಿದೆವು. ನಾಲಗೆಗೆ ಬಂದ ‘ಪುರಾವಾ’ ಮರಾಠಿ ಶಬ್ದ, ಇಲ್ಲಿ ಆಡಬಾರದು ಎಂದು ಕನ್ನಡದ ಶಬ್ದ ಹುಡುಕುತ್ತಿದ್ದಳಂತೆ. ಕನ್ನಡದಲ್ಲೂ ನಾವು ‘ಪುರಾವೆ’ ಎಂದೇ ಹೇಳುತ್ತೇವೆ, ಅದು ಅಲ್ಲಿಂದಲೇ ಬಂದ ಮಾತು ಎಂದಾಗ ಅವಳು ನಕ್ಕಳು. ನಮಗೆ ನಗು ಬರಲಿಲ್ಲ. ಶುದ್ಧ ಕನ್ನಡ ಆಡಬೇಕೆಂಬ ಆಸೆಯಿಂದ ಆದ ತಡವರಿಕೆಯನ್ನು ಕನ್ನಡದ ಕೂಟವೊಂದು ಕಳ್ಳತನದ ಗುರುತು ಎಂದು ಓದಿತ್ತು.

ಇದು ನಮ್ಮೊಬ್ಬರ ದೋಷವಲ್ಲ. ಮುಖ, ಕಣ್ಣು, ದನಿ ನೋಡಿ ಸುಳ್ಳು ಹಿಡಿಯುತ್ತೇವೆ ಎಂಬುದು ಎಲ್ಲರ ಭ್ರಮೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ನಿಜ–ಸುಳ್ಳು ಬೇರ್ಪಡಿಸುವುದರಲ್ಲಿ ಜನ ಸರಿಯಾಗುವುದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೆ 50. ಆದರೆ ನಮ್ಮಂಥ ಗಡಿನಾಡ ಕೂಟಗಳಲ್ಲಿ ಈ ಭ್ರಮೆಯ ಪೆಟ್ಟು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ತಾಳವಾಡಿಯಲ್ಲಿ ತಮಿಳು ಮಾಧ್ಯಮದಲ್ಲಿ ಓದುವ ಮಗು, ಆದೋನಿಯಲ್ಲಿ ತೆಲುಗಿನಲ್ಲಿ ಓದುವ ಮಗು, ಜತ್ತದಲ್ಲಿ ಮರಾಠಿಯಲ್ಲಿ ಓದುವ ಮಗು ಇಲ್ಲಿ ಬಂದು ಕನ್ನಡದಲ್ಲಿ ವಾದ ಮಾಡಲು ನಿಂತಾಗ ಒಂದು ಕ್ಷಣ ತಡೆಯುತ್ತದೆ. ಆ ಕ್ಷಣಕ್ಕೆ ನಾವು ದಂಡ ಹಾಕಿದರೆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಆಟದಲ್ಲೂ ಇಲ್ಲ, ಹೊರಗೂ ಇಲ್ಲ.

ನಾವು ಈಗ ಪಾಲಿಸುವ ನಿಯಮಗಳು

ಗುಟ್ಟು ಬಿಡುವವರಿಗೆ ಒಂದು ನಿಮಿಷ ಪೂರ್ತಿ ಅವರದೇ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ಶಬ್ದ ಸಿಗದಿದ್ದರೆ ಮರಾಠಿ, ತಮಿಳು, ತೆಲುಗು, ಮಲಯಾಳ, ಕೊಂಕಣಿ, ಯಾವುದಾದರೂ ಬರಲಿ. ಕನ್ನಡದ ಶಬ್ದ ಗೊತ್ತಿದ್ದವರು ಮೆಲ್ಲಗೆ ಹೇಳಿಕೊಡಬೇಕು. ಹೇಳಿಕೊಟ್ಟವರನ್ನು ‘ನೀನೂ ಅವಳ ಜೊತೆ ಕಳ್ಳನಾ’ ಎಂದು ಕೇಳುವ ಹಾಗಿಲ್ಲ.

ಕೇಳುವವರು ಮೂರೇ ಪ್ರಶ್ನೆ ಕೇಳಬೇಕು. ಯಾವ ರಾತ್ರಿ ಯಾರನ್ನು ನೋಡಿದಿರಿ? ಏನು ತಿಳಿಯಿತು? ತಿಳಿದ ಮೇಲೆ ಹಗಲಿನಲ್ಲಿ ಯಾರ ಮೇಲೆ ಕೈ ಎತ್ತಿದಿರಿ? ‘ಯಾಕೆ ಬೆವರುತ್ತಿದ್ದೀಯ’ ಎಂಬ ಪ್ರಶ್ನೆ ಬೇಡ. ಯಾರು ಯಾವಾಗ ಯಾರ ಮೇಲೆ ಕೈ ಎತ್ತಿದರು ಎಂಬುದನ್ನು ಸೂತ್ರಧಾರರು ಒಂದು ಹಾಳೆಯಲ್ಲಿ ಬರೆದಿಡುತ್ತಾರೆ. ಯಾರು ಬೇಕಾದರೂ ನೋಡಬಹುದು.

ಇಬ್ಬರು ಒಂದೇ ಪಾತ್ರ ತಮ್ಮದೆಂದರೆ ಹೆದರಬೇಕಾಗಿಲ್ಲ. ಪತ್ತೇದಾರನ ಚೀಟಿ ಒಂದೇ ಇರುವುದರಿಂದ ಒಬ್ಬರದ್ದು ಖಂಡಿತ ಸುಳ್ಳು. ಅನುಮಾನ ಆರು ಜನರಿಂದ ಇಬ್ಬರಿಗೆ ಇಳಿದದ್ದೇ ಊರಿಗೆ ಲಾಭ. ಇದಕ್ಕಾಗಿಯೇ ಹೊರಗೆ ಹೋದವರ ಚೀಟಿಯನ್ನು ಬಿಚ್ಚಿ ತೋರಿಸುವ ನಿಯಮವನ್ನು ನಾವು ಬಿಟ್ಟಿಲ್ಲ. ‘ಅಮಾಂಗ್ ಅಸ್’ನಲ್ಲಿ ಇದನ್ನು ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ತೆಗೆಯಬಹುದು. ತೆಗೆದರೆ ಆಟ ಬಹಳ ಕಷ್ಟವಾಗುತ್ತದೆ. ಚಿಕ್ಕವರಿರುವ ಕೂಟದಲ್ಲಿ ಬೇಡ.

ಕೊನೆಯದು, ಆಣೆ–ಪ್ರಮಾಣ ಬೇಡವೇ ಬೇಡ. ಅಮ್ಮನಾಣೆ, ದೇವರಾಣೆ, ತಲೆ ಮುಟ್ಟಿ ಹೇಳುವುದು ಯಾವುದೂ ಇಲ್ಲ. ಈ ಆಟದಲ್ಲಿ ಸುಳ್ಳು ಹೇಳುವುದು ಕಳ್ಳನ ಕೆಲಸ, ಅದರಲ್ಲಿ ಪಾಪವಿಲ್ಲ. ಆದರೆ ಆಣೆ ಆಟದ ಹೊರಗಿನದು. ಅದನ್ನು ಒಳಗೆ ತಂದರೆ ಆಟ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುತ್ತದೆ.

ಆ ಹುಡುಗಿ ಮುಂದಿನ ಕೂಟಕ್ಕೂ ಬಂದಳು. ಅಂದು ನಾವೆಲ್ಲ ಹೊಸ ನಿಯಮದ ಹುಮ್ಮಸ್ಸಿನಲ್ಲಿದ್ದೆವು. ಅವಳು ಎದ್ದು, ತಡವರಿಸಿ, ನಡುನಡುವೆ ಶಬ್ದ ಹುಡುಕಿ, ತಾನು ಪತ್ತೇದಾರ ಎಂದಳು. ಇಬ್ಬರು ಹಿರಿಯರು ಶಬ್ದ ಹೇಳಿಕೊಟ್ಟರು. ಎಲ್ಲರೂ ನಂಬಿದೆವು. ಬರೆದಿಟ್ಟ ಹಾಳೆಯನ್ನು ಯಾರೂ ತಿರುವಿ ನೋಡಲಿಲ್ಲ. ಆಟ ಮುಗಿದಾಗ ಅವಳ ಚೀಟಿ ಬಿಚ್ಚಿದರೆ ಕಳ್ಳಿ! ತಡವರಿಕೆ ಸುಳ್ಳಿನ ಪುರಾವೆಯಲ್ಲ, ಸರಿ. ನಿಜದ ಪುರಾವೆಯೂ ಅಲ್ಲ ಎಂಬುದನ್ನು ಅವಳೇ ನಮಗೆ ಕಲಿಸಿದಳು. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿ.

ನಿಮ್ಮ ಊರಿನ ಕೂಟದಲ್ಲೂ ಇದನ್ನು ಆಡಿಸಿ ನೋಡಿ. ಒಂಬತ್ತು ಚೀಟಿ, ಒಂದು ಪೆನ್ನು, ಕೈ ಎತ್ತಿದ ಲೆಕ್ಕ ಬರೆಯಲು ಒಂದು ಹಾಳೆ, ಇಷ್ಟು ಸಾಕು. ನಿಮ್ಮ ಕಡೆ ‘ರಾಜ ರಾಣಿ ಕಳ್ಳ ಪೊಲೀಸ್’ ಆಟಕ್ಕೆ ಬೇರೆ ಹೆಸರು, ಬೇರೆ ಪಾತ್ರ, ಬೇರೆ ಅಂಕಗಳಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಊರಿನವನ್ನೂ ಒಟ್ಟಿಗೆ ಕೊಡುತ್ತೇವೆ.